ಐವತ್ತು ತುಂಬದ ಕೂಪೆ: ಮಾರಲು ಹೊರಟರೆ ಮೂರು ಕಾನೂನುಗಳ ಇಕ್ಕಟ್ಟು

ತಲಘಟ್ಟಪುರ: ಹಳೆಯ ಐಷಾರಾಮಿ ಕಾರೊಂದನ್ನು ವರ್ಷಗಟ್ಟಲೆ ಶ್ರಮಿಸಿ ಮೂಲ ರೂಪಕ್ಕೆ ತಂದವರಿಗೆ ದುರಸ್ತಿಗಿಂತ ಕಷ್ಟದ ಕೆಲಸ ಒಂದಿದೆ. ಅದು ಆ ಕಾರನ್ನು ಮಾರುವುದು. ಕನಕಪುರ ರಸ್ತೆಯ ಈ ಭಾಗಕ್ಕೆ 2021ರ ಜನವರಿಯಲ್ಲಿ ಮೆಟ್ರೊ ಬಂತು. ನೈಸ್ ರಸ್ತೆ ಅದಕ್ಕೂ ಮೊದಲೇ ಇತ್ತು. ನಿವೇಶನದ ಬೆಲೆ ಏರಿರುವ ಇಂಥ ಕಡೆ ಒಂದು ಕಾರಿಗಾಗಿಯೇ ಶೆಡ್ ಉಳಿಸಿಕೊಳ್ಳುವುದು ಸುಲಭವಲ್ಲ. ಹೀಗಾಗಿ ಮಾರಾಟದ ಯೋಚನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ಎದುರಾಗುವುದು ಗಿರಾಕಿಯಲ್ಲ, ಕಾನೂನು.

ಉದಾಹರಣೆಗೆ ಮರ್ಸಿಡಿಸ್ ಬೆಂಜ್ ಕಂಪನಿಯ 230 ಸಿಇ ಅಥವಾ 280 ಸಿಇ ಕೂಪೆಯನ್ನೇ ತೆಗೆದುಕೊಳ್ಳೋಣ. ಈ ಮಾಲಿಕೆಯ ಕೂಪೆಗಳು ಜರ್ಮನಿಯಲ್ಲಿ 1977ರಿಂದ 1985ರವರೆಗೆ ತಯಾರಾದವು. ಎರಡೇ ಬಾಗಿಲು, ಕಿಟಕಿಗಳನ್ನು ಇಳಿಸಿದರೆ ನಡುವೆ ಕಂಬವಿಲ್ಲದೆ ಪಕ್ಕವೆಲ್ಲ ತೆರೆದುಕೊಳ್ಳುವ ವಿನ್ಯಾಸ. ಇಂಥ ವಿದೇಶಿ ಕಾರುಗಳು ನಮ್ಮಲ್ಲಿಗೆ ಬಂದ ದಾರಿಗಳು ಕೆಲವೇ. ವಿದೇಶದಲ್ಲಿ ದುಡಿದು ಮರಳಿದವರು ತಮ್ಮ ಸಾಮಾನಿನೊಡನೆ ತಂದರು. ರಾಯಭಾರ ಕಚೇರಿಗಳವರು ಬಿಟ್ಟುಹೋದವನ್ನು ಸರ್ಕಾರಿ ಸ್ವಾಮ್ಯದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರಿತು. ಇವುಗಳ ಸಂಖ್ಯೆ ಮೊದಲೇ ಕಡಿಮೆ. ಗುಜರಿಗೆ ಹೋಗದೆ ಉಳಿದವು ಇನ್ನೂ ಕಡಿಮೆ.

ಇಂಥ ಕಾರಿಗೆ ಕಾನೂನಿನಲ್ಲಿ ಹೆಸರೇನು? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂ. ಶುಲ್ಕ; ಅದು ಹತ್ತು ವರ್ಷ ಊರ್ಜಿತ. ನಂತರದ ನವೀಕರಣಕ್ಕೆ 5,000 ರೂ. ಮಾತ್ರ. ಹಿಂದೆಯೇ ನೋಂದಣಿಯಾಗಿದ್ದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ‘ಎಂವೈ’ ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ ಫಲಕ ಹೊತ್ತ ಕಾರುಗಳಿಗೆ ಇದು ಸಮಾಧಾನದ ಸಂಗತಿ.

ಆದರೆ 1982ರಲ್ಲಿ ನೋಂದಣಿಯಾದ ಕೂಪೆಗೆ ಈ ಗೌರವ ಸಿಗಬೇಕಾದರೆ 2032ರವರೆಗೆ ಕಾಯಬೇಕು. ಅಲ್ಲಿಯವರೆಗೆ ಅದು ಬರೀ ‘ಹಳೆಯ ವಾಹನ’. ಕಾನೂನಿನ ಕಣ್ಣಿನಲ್ಲಿ ಹೊಗೆಯುಗುಳುವ ಯಾವುದೋ ಹಳೆಯ ಕಾರಿಗೂ ಇದಕ್ಕೂ ವ್ಯತ್ಯಾಸವಿಲ್ಲ. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ 10,000 ರೂಪಾಯಿಗೆ ಏರಿಸಿತು. ಆಮದಾದ ನಾಲ್ಕು ಚಕ್ರದ ವಾಹನಕ್ಕೆ 80,000 ರೂ. ನವೀಕರಣ ಐದು ವರ್ಷಕ್ಕೊಮ್ಮೆ. ಅಂದರೆ 52 ವರ್ಷದ ವಿದೇಶಿ ಕಾರು ಹತ್ತು ವರ್ಷಕ್ಕೆ ಕೊಡುವುದು 20 ಸಾವಿರ. ಅದರ ತಮ್ಮನಂತಿರುವ 42 ವರ್ಷದ ಕಾರು ಐದೇ ವರ್ಷಕ್ಕೆ ಕೊಡುವುದು 80 ಸಾವಿರ. ಮಾಲಿನ್ಯ ತಗ್ಗಿಸುವುದು ಸರ್ಕಾರದ ಉದ್ದೇಶವಾದರೆ ಅದು ಸರಿಯೇ. ಆದರೆ ಹೆಚ್ಚು ಹಳೆಯದಕ್ಕೆ ಕಡಿಮೆ, ಕಡಿಮೆ ಹಳೆಯದಕ್ಕೆ ಹೆಚ್ಚು ಎಂಬ ಲೆಕ್ಕದಲ್ಲಿ ಮಾಲಿನ್ಯದ ತರ್ಕ ಎಲ್ಲಿದೆ ಎಂಬುದನ್ನು ಹುಡುಕಬೇಕು.

ಎರಡನೆಯ ತೊಡಕು ದುರಸ್ತಿಯದ್ದೇ. ಪೆಟ್ರೋಲ್ ದುಬಾರಿ ಎಂಬ ಕಾರಣಕ್ಕೆ ವಿದೇಶಿ ಕಾರಿನ ಮೂಲ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವ ಪದ್ಧತಿ ನಮ್ಮಲ್ಲಿ ಒಂದು ಕಾಲದಲ್ಲಿ ಜೋರಾಗಿತ್ತು. ಈಗ ನಿಷ್ಠೆಯಿಂದ ಕೆಲಸ ಮಾಡುವವರು ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಅಂಗಡಿಗಳಿಂದ ಹಿಡಿದು ವಿದೇಶದವರೆಗೆ ಹುಡುಕಿ ಮೂಲ ಮಾದರಿಯ ಎಂಜಿನ್ ತಂದು ಜೋಡಿಸುತ್ತಾರೆ. ಕಾರು ಮೂಲಕ್ಕೆ ಮರಳಿತು; ಆದರೆ ಎಂಜಿನ್ ಸಂಖ್ಯೆ ಆರ್‌ಸಿ ಪುಸ್ತಕಕ್ಕೆ ಹೊಂದುವುದಿಲ್ಲ. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹಿಂದೆ ಯಾರೋ ಮಾಡಿದ ಬದಲಾವಣೆಯನ್ನು ಸರಿಪಡಿಸಿದವನೇ ಈಗ ಆರ್‌ಟಿಒ ಕಚೇರಿಯಲ್ಲಿ ವಿವರಣೆ ಕೊಡಬೇಕಾದ ಸ್ಥಿತಿ. ಮಾರುವ ಮುನ್ನ ಎಂಜಿನ್ ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಆಮದಿನ ಕಾಗದಪತ್ರಗಳ ವಿಚಾರವನ್ನೂ ಹಗುರವಾಗಿ ಕಾಣುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಭೂತಾನ್ ಮೂಲಕ ಅಕ್ರಮವಾಗಿ ಬಂದ ಐಷಾರಾಮಿ ವಾಹನಗಳ ಬೆನ್ನುಹತ್ತಿ ಕಸ್ಟಮ್ಸ್ ಅಧಿಕಾರಿಗಳು ನೆರೆಯ ಕೇರಳದಲ್ಲಿ ಶೋಧ ನಡೆಸಿದ ನಂತರ ಕೊಳ್ಳುವವರು ಬಿಲ್ ಆಫ್ ಎಂಟ್ರಿ ಕೇಳುವುದು ಸಹಜ. ಇಲ್ಲಿ ಒಂದು ನೆಮ್ಮದಿಯ ತೀರ್ಪಿದೆ. ಬೇರೊಬ್ಬರು ಆಮದು ಮಾಡಿದ್ದ ಪೋರ್ಷೆ ಕರೇರಾ ಕೂಪೆಯನ್ನು ಮೂರನೆಯವರಾಗಿ ಕೊಂಡ ವ್ಯಕ್ತಿಯಿಂದ ಕಸ್ಟಮ್ಸ್ ಸುಂಕ ಕೇಳಿದ ಪ್ರಕರಣದಲ್ಲಿ, ನಂತರದ ಖರೀದಿದಾರ ‘ಆಮದುದಾರ’ ಆಗುವುದಿಲ್ಲ ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರಲ್ಲಿ ಹೇಳಿತು. ಹಾಗೆಂದು ಕಾಗದವಿಲ್ಲದ ಕಾರಿಗೆ ಬೆಲೆ ಬರುತ್ತದೆ ಎಂದು ಅರ್ಥವಲ್ಲ.

ಮೂರನೆಯದು ಆದಾಯ ತೆರಿಗೆ. ಅತ್ಯಂತ ಕಡಿಮೆ ಜನರಿಗೆ ತಿಳಿದಿರುವುದೂ ಅತಿ ಹೆಚ್ಚು ಹೊಡೆತ ಕೊಡಬಲ್ಲದ್ದೂ ಇದೇ. ಸ್ವಂತ ಬಳಕೆಯ ವಸ್ತುಗಳನ್ನು ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಕಾರು ಸಾಮಾನ್ಯವಾಗಿ ಈ ಗುಂಪಿಗೇ ಸೇರುತ್ತದೆ. ಆದರೆ 1931ರ ಫೋರ್ಡ್ ಟೂರರ್ ಕಾರೊಂದನ್ನು 1983ರಲ್ಲಿ 20,000 ರೂಪಾಯಿಗೆ ಕೊಂಡು, ಮುಂದೆ 21 ಲಕ್ಷಕ್ಕೆ ಮಾರಿದವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರಲ್ಲಿ ತೆರಿಗೆ ಇಲಾಖೆಯ ಪರ ತೀರ್ಪು ನೀಡಿತು. ಸ್ವಂತಕ್ಕೆ ಬಳಸಬಹುದಾದ ವಸ್ತು ಎಂದರೆ ಸಾಲದು, ಬಳಸಿದ್ದಕ್ಕೆ ಪುರಾವೆ ಬೇಕು ಎಂಬುದು ಅದರ ತಿರುಳು. ಕಾರು ಕೊಂಡದ್ದಕ್ಕೂ ಈ ತೀರ್ಪಿಗೂ ನಡುವೆ ನಾಲ್ಕು ದಶಕ ಕಳೆದಿದೆ ಎಂಬುದನ್ನು ಗಮನಿಸಬೇಕು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಿಂಟೇಜ್ ವಾಹನವನ್ನು ನಿತ್ಯ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ಮತ್ತು ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು ಎನ್ನುತ್ತದೆ ಸಾರಿಗೆ ನಿಯಮ. ನೀವೇ ಬಳಸಿದ್ದೀರೆಂದು ತೋರಿಸಿ, ಇಲ್ಲವಾದರೆ ತೆರಿಗೆ ಕಟ್ಟಿ ಎನ್ನುತ್ತದೆ ತೆರಿಗೆ ಕಾನೂನು. ಒಂದು ಇಲಾಖೆ ಓಡಿಸಬೇಡಿ ಎಂದದ್ದಕ್ಕೇ ಇನ್ನೊಂದು ಇಲಾಖೆ ದಂಡ ಹಾಕಿದಂತೆ! ಐವತ್ತು ತುಂಬದ ಕೂಪೆಯ ಮಾಲೀಕರಿಗೆ ಇಲ್ಲಿ ಮಾತ್ರ ಅನುಕೂಲವಿದೆ: ಅವರು ಕಾರನ್ನು ಧಾರಾಳವಾಗಿ ಓಡಿಸಬಹುದು. ವಿಮೆ, ಪೆಟ್ರೋಲ್, ಸರ್ವಿಸ್ ರಸೀದಿಗಳನ್ನು, ಟೋಲ್ ಚೀಟಿಗಳನ್ನು ಜೋಪಾನ ಮಾಡಿಟ್ಟರೆ ನಾಳೆ ಅವೇ ಸಾಕ್ಷಿ.

ಓಡಿಸುವುದಕ್ಕೂ ಈಗ ಬೆಲೆ ತೆರಬೇಕು. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ 2023ರ ಫೆಬ್ರುವರಿಯಲ್ಲಿ ಚಾಲನೆ ನೀಡಿದ್ದು ಬೆಂಗಳೂರಿನಲ್ಲೇ. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾದೀತೆಂದು ಸರ್ಕಾರವೇ ಒಪ್ಪಿದೆ. ನಲವತ್ತು ವರ್ಷದ ಕೂಪೆಯಲ್ಲಿ ಇಂಧನದ ಕೊಳವೆಗಳೆಲ್ಲ ಬದಲಾಗಿವೆಯೇ ಎಂಬುದು ಬಣ್ಣದ ಹೊಳಪಿಗಿಂತ ಮುಖ್ಯ ಪ್ರಶ್ನೆ. ಬಲ್ಲ ಗಿರಾಕಿ ಮೊದಲು ಕೇಳುವುದೂ ಅದನ್ನೇ.

ಬೇರೆ ದೇಶಗಳು ಗೆರೆಯನ್ನು ಬೇರೆ ಕಡೆ ಎಳೆದಿವೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐವಿಎ 30 ವರ್ಷ ದಾಟಿದ, ಮೂಲ ರೂಪ ಕಾಯ್ದುಕೊಂಡ ವಾಹನವನ್ನು ಐತಿಹಾಸಿಕ ಎನ್ನುತ್ತದೆ. ಜರ್ಮನಿಯಲ್ಲಿ 30 ವರ್ಷಕ್ಕೆ ‘ಎಚ್’ ಅಕ್ಷರದ ವಿಶೇಷ ಫಲಕ ಸಿಗುತ್ತದೆ. ಬ್ರಿಟನ್‌ನಲ್ಲಿ 40 ವರ್ಷಕ್ಕೆ ವಾಹನ ತೆರಿಗೆ ಮನ್ನಾ. ತಾಂತ್ರಿಕ ತಪಾಸಣೆಯಲ್ಲಿ ತೇರ್ಗಡೆಯಾದ, ವರ್ಷಕ್ಕೆ ಇಂತಿಷ್ಟೇ ಕಿಲೊಮೀಟರ್ ಓಡುವ 30ರಿಂದ 50 ವರ್ಷದ ವಾಹನಗಳಿಗೆ ನಮ್ಮಲ್ಲೂ ಒಂದು ನಡುವಿನ ವರ್ಗ ಮಾಡಿದರೆ ಗಾಳಿಗೆ ನಷ್ಟವಿಲ್ಲ, ಖಜಾನೆಗೆ ದೊಡ್ಡ ಹೊರೆಯೂ ಇಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಂಥ ಸಂಗ್ರಹಾಲಯಗಳು ಎಲ್ಲ ಕಾರುಗಳನ್ನೂ ಉಳಿಸಲಾರವು. ಉಳಿದದ್ದನ್ನು ಉಳಿಸಬೇಕಾದವರು ಬಿಡಿ ಮಾಲೀಕರು; ನ್ಯಾಯವಾದ ಬೆಲೆಗೆ ಮಾರಲು ದಾರಿಯಿದ್ದರೆ ಮಾತ್ರ ಅವರು ಮತ್ತೊಂದು ಕಾರಿಗೆ ಕೈಹಾಕುತ್ತಾರೆ.

ಸದ್ಯಕ್ಕಂತೂ ಲೆಕ್ಕ ನೇರವಾಗಿದೆ. 1977ರಲ್ಲಿ ನೋಂದಣಿಯಾದ ಕೂಪೆ 2027ರಲ್ಲಿ 50 ವರ್ಷದ ಗೆರೆ ದಾಟುತ್ತದೆ. ಅದರ ಮಾಲೀಕರು ಸ್ವಲ್ಪ ತಡೆದು ಮಾರಿದರೆ ಲಾಭ. 1985ರ ಕೂಪೆ 2035ರವರೆಗೆ ಕಾಯಬೇಕು. ಅಷ್ಟರೊಳಗೆ ಅದರ ನೋಂದಣಿ ನವೀಕರಣಕ್ಕೆ 80,000 ರೂಪಾಯಿಯನ್ನು ಒಂದೆರಡು ಬಾರಿಯಾದರೂ ಕಟ್ಟಿರಬೇಕಾಗುತ್ತದೆ.