ಸಾಫ್ಟ್‌ವೇರ್ ಮಕ್ಕಳ ತೋರಿಸಲಾಗದ ದುಡಿಮೆ

ಮುಂಬಯಿಗೆ ಬಂದ ತುಳು-ಕನ್ನಡಿಗರ ಹಳೆಯ ತಲೆಮಾರಿನ ದುಡಿಮೆ ಎಲ್ಲರ ಕಣ್ಣಿಗೆ ಕಾಣುವಂಥದಾಗಿತ್ತು. ಹೊಟೇಲು ಇಟ್ಟವರು ತಮ್ಮ ಬೋರ್ಡು ತೋರಿಸಿದರು, ಗುತ್ತಿಗೆದಾರರು ಕಟ್ಟಿದ ಕಟ್ಟಡ ತೋರಿಸಿದರು, ಕ್ಯಾಂಟೀನಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು ಪದವಿಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಐರೋಲಿ, ಪೊವಾಯಿ, ಪುಣೆಯ ಹಿಂಜವಡಿ, ಹೈದರಾಬಾದಿನ ಹೈಟೆಕ್ ಸಿಟಿಯ ಕಚೇರಿಗಳಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಸಂಘದ ವಾರ್ಷಿಕೋತ್ಸವದಲ್ಲಿ ಹಿರಿಯರೊಬ್ಬರು "ನೀನು ಮಾಡಿದ್ದು ಏನಾದರೂ ಇದ್ದರೆ ತೋರಿಸು ಮಗಾ" ಎಂದರೆ "ತೋರಿಸುವ ಹಾಗಿಲ್ಲ ಅಜ್ಜಾ" ಎಂಬ ಉತ್ತರವೇ ಬರುತ್ತದೆ. ಜಾರಿಕೊಳ್ಳುವ ಮಾತಿನಂತೆ ಕೇಳಿಸಿದರೂ ಅದು ನಿಜವಾದ ಮಾತು.

ಇದಕ್ಕೆ ಮೊದಲ ಕಾರಣ ಕಾನೂನು. 1957ರ ಕೃತಿಸ್ವಾಮ್ಯ ಕಾಯಿದೆಯಡಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಕಥೆ, ಕಾದಂಬರಿಗಳಂತೆ ಸಾಹಿತ್ಯ ಕೃತಿಯೇ. ಆದರೆ ಅದೇ ಕಾಯಿದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ನೌಕರಿಯ ಭಾಗವಾಗಿ ಬರೆದುದಕ್ಕೆ ಮಾಲಕರೇ ಮೊದಲ ಒಡೆಯರು. 57ನೇ ಕಲಮು ಮಾತ್ರ ಬರೆದವರ ಪರವಾಗಿ ಒಂದು ಮಾತು ಆಡುತ್ತದೆ. ಹಕ್ಕು ಇನ್ನೊಬ್ಬರ ಕೈಸೇರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ವಿಶೇಷ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಸಂತೋಷಪಡುವಷ್ಟರಲ್ಲಿ ಅದರ ಕೆಳಗಿನ ವಿವರಣೆ ಎದುರಾಗುತ್ತದೆ: ಕೃತಿಯನ್ನು ಪ್ರದರ್ಶಿಸದೆ ಇದ್ದರೆ ಅದು ಈ ಹಕ್ಕಿನ ಉಲ್ಲಂಘನೆ ಅಲ್ಲ. ಅಂದರೆ ಹೆತ್ತವಳೆಂದು ಹೇಳಿಕೊಳ್ಳಬಹುದು, ಕೂಸನ್ನು ಮಾತ್ರ ಯಾರೂ ಹೊರಗೆ ತಂದು ತೋರಿಸಬೇಕಾಗಿಲ್ಲ.

ಎರಡನೆಯದು ಸಹಿ ಹಾಕಿದ ಕಾಗದ. ಕೆಲಸಕ್ಕೆ ಸೇರುವ ದಿನ ಮುಂದಿಡುವ ಗೋಪ್ಯತೆಯ ಕರಾರನ್ನು ಪೂರ್ತಿ ಓದಿ ಸಹಿ ಮಾಡುವ ಇಪ್ಪತ್ತೆರಡರ ಹರೆಯದವರು ಎಷ್ಟು ಮಂದಿ? ಕೆಲವು ಕರಾರುಗಳಲ್ಲಿ ಕಚೇರಿಯ ಸಮಯದ ಹೊರಗೆ ಮನೆಯಲ್ಲಿ ಕುಳಿತು ಬರೆದುದೂ ಕಂಪೆನಿಗೇ ಸೇರಬೇಕೆಂಬ ಸಾಲು ಇರುತ್ತದೆ. ಹೊರದೇಶದ ಗಿರಾಕಿಗಾಗಿ ಮಾಡುವ ಕೆಲಸವಾದರೆ ಇನ್ನೂ ಬಿಗಿ. ಅಲ್ಲಿ ಗಿರಾಕಿಯ ಹೆಸರನ್ನೂ ಹೇಳುವಂತಿಲ್ಲದ್ದರಿಂದ ಅರ್ಜಿಯಲ್ಲಿ "ಅಮೆರಿಕದ ಪ್ರಮುಖ ವಿಮಾ ಸಂಸ್ಥೆ" ಎಂದು ಬರೆದು ಮುಗಿಸಬೇಕು. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ನಡೆಯದು, ಸ್ವಂತ ಮೇಲ್ ತೆರೆಯದು. ಕೆಲವು ವಿಭಾಗಗಳಿಗೆ ಫೋನು ಬಾಗಿಲ ಹೊರಗಿಟ್ಟೇ ಹೋಗಬೇಕು. ಕೆಲಸ ಬಿಡುವ ದಿನ ಲ್ಯಾಪ್‌ಟಾಪ್ ಮರಳಿಸಿದರೆ ಹತ್ತು ವರ್ಷದ ದುಡಿಮೆಯೂ ಅದರೊಂದಿಗೆ ಹೋಯಿತು.

ಈ ಬಿಗಿ ಎಲ್ಲವೂ ಅನ್ಯಾಯ ಎನ್ನುವಂತಿಲ್ಲ. ಬ್ಯಾಂಕಿನ ಹಣ ವರ್ಗಾವಣೆಯ ಕೋಡು ಬೀದಿಗೆ ಬಂದರೆ ಠೇವಣಿದಾರರೇ ಹೆದರಬೇಕಾದೀತು. ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್ ಬಿಟ್ಟು ಹೊರಟ ಪ್ರೋಗ್ರಾಮರ್ ಸೆರ್ಗೆ ಅಲೆಯ್ನಿಕೋವ್, ಅಲ್ಲಿನ ಕೋಡನ್ನು ಹೊರಗಿನ ಸರ್ವರಿಗೆ ಕಳುಹಿಸಿದ್ದಕ್ಕಾಗಿ 2009ರಲ್ಲಿ ಬಂಧಿತರಾದರು. ಎಂಟು ವರ್ಷದಷ್ಟು ಶಿಕ್ಷೆಯೂ ಆಯಿತು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿದರೂ ರಾಜ್ಯದ ಕಾನೂನಿನಡಿ ಮತ್ತೊಂದು ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಅವರು ಒಯ್ದುದರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಗುವ ಕೋಡೂ ಸೇರಿತ್ತು. "ನಾನೇ ಬರೆದದ್ದಲ್ಲವೇ, ಒಂದು ಪ್ರತಿ ಇರಲಿ" ಎಂದು ಯೋಚಿಸುವ ಹುಡುಗರು ಈ ಕಥೆ ತಿಳಿದಿರುವುದು ಲೇಸು.

ಹಾಗೆಂದು ತೋರಿಸಲು ಬಿಟ್ಟರೂ ತೋರಿಸುವುದೇನು ಎಂಬ ಪ್ರಶ್ನೆಯೂ ಇದೆ. ಅನೇಕರ ಕೆಲಸವೆಂದರೆ ಮೂವತ್ತು ವರ್ಷ ಹಳೆಯ ಕೋಬಾಲ್ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ನಾಲ್ಕು ಸಾಲು ತಿದ್ದುವುದು. ತಿದ್ದಿದ್ದು ಸರಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅಡುಗೆ ಚೆನ್ನಾದ ದಿನ ಭಟ್ಟರನ್ನು ಯಾರು ಕೇಳುತ್ತಾರೆ!

ಸಂಘದ ವೇದಿಕೆಯಲ್ಲಿ ಹೇಳಲು ಏನೂ ಇಲ್ಲದಿದ್ದರೆ ದೊಡ್ಡ ನಷ್ಟವಿಲ್ಲ. ಪೆಟ್ಟು ಬೀಳುವುದು ಕೆಲಸ ಹೋದಾಗ. ನಲವತ್ತರ ಹೊಸ್ತಿಲಲ್ಲಿ, ಮನೆಸಾಲದ ಕಂತು ಅರ್ಧ ಉಳಿದಿರುವಾಗ ಹೊಸ ಕಂಪೆನಿಯ ಸಂದರ್ಶನದಲ್ಲಿ "ನಿಮ್ಮ ಕೋಡು ತೋರಿಸಿ" ಎನ್ನುತ್ತಾರೆ. ಎರಡು ವರ್ಷದ ಅನುಭವದ ಹುಡುಗ ರಾತ್ರಿ ಕುಳಿತು ಮಾಡಿದ ಆಟವೊಂದನ್ನು ಗಿಟ್‌ಹಬ್‌ನಲ್ಲಿ ತೋರಿಸುತ್ತಾನೆ. ಹದಿನೈದು ವರ್ಷ ವಿಮಾ ಕ್ಲೇಮುಗಳ ವ್ಯವಸ್ಥೆಯನ್ನು ಒಂದು ದಿನವೂ ನಿಲ್ಲದಂತೆ ನೋಡಿಕೊಂಡ ಗೃಹಿಣಿಯ ಬಳಿ ತೋರಿಸಲು ಏನೂ ಇಲ್ಲ. ಮಕ್ಕಳು, ಅತ್ತೆ-ಮಾವ, ಲೋಕಲ್ ರೈಲು ಇವುಗಳ ನಡುವೆ ರಾತ್ರಿ ಕುಳಿತು ಆಟ ಬರೆಯುವ ಪುರುಸೊತ್ತು ಆಕೆಗೆ ಎಲ್ಲಿಂದ ಬರಬೇಕು? ಕರಾರು ಪಾಲಿಸಿದವರು ಹಿಂದೆ ಬೀಳುವ ಈ ಪದ್ಧತಿಯಲ್ಲಿ ದೋಷವಿರುವುದು ಸಂದರ್ಶನ ಮಾಡುವವರದೇ. ತಮ್ಮಲ್ಲಿ ದುಡಿಯುವವರು ಹೊರಗೆ ಒಂದು ಸಾಲೂ ತೋರಿಸಬಾರದೆಂದು ಬರೆಯಿಸಿಕೊಳ್ಳುವ ಕಂಪೆನಿಯೇ ಬೇರೆಡೆಯಿಂದ ಬರುವವರಲ್ಲಿ ಕೋಡು ಕೇಳುವುದು ಯಾವ ನ್ಯಾಯ? ಎದುರು ಕುಳಿತು ಒಂದು ಗಂಟೆ ಮಾತಾಡಿದರೆ, ಒಂದು ಸಣ್ಣ ಸಮಸ್ಯೆ ಕೊಟ್ಟು ಬಿಡಿಸಲು ಹೇಳಿದರೆ ಯೋಗ್ಯತೆ ಗೊತ್ತಾಗದೆ ಇರದು.

ಕನ್ನಡಿಗರಿಗೆ ಬೇರೊಂದು ದಾರಿಯ ಉದಾಹರಣೆಯೂ ಇದೆ. ದಕ್ಷಿಣ ಕನ್ನಡದ ಕಿನ್ನಿಕಂಬಳ ಮೂಲದ, ಮುಂಬಯಿಯಲ್ಲೂ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಇಂದು ಸಾವಿರಾರು ಬೆರಳುಗಳ ಕೆಳಗಿದೆ. ಅದನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದಲೇ ಅದರ ಮೇಲೆ ಅವರ ಹೆಸರು ಉಳಿಯಿತು. ಕರಾರು ಅಡ್ಡ ಬಾರದಿದ್ದರೆ ಕನ್ನಡಕ್ಕಾಗಿ, ಸಂಘದ ಲೆಕ್ಕಪತ್ರಕ್ಕಾಗಿ, ಊರಿನ ಶಾಲೆಗಾಗಿ ಒಂದಿಷ್ಟು ಬರೆದಿಡಬಹುದು. ಆದರೆ ಪುರುಸೊತ್ತಿಲ್ಲದವರ ಮೇಲೆ ಇದನ್ನೂ ಹೇರುವುದು ಸಲ್ಲದು.

ಅಂಥವರಿಗಾಗಿ ಕಂಪೆನಿಗಳು ಮಾಡಬಹುದಾದ ಕೆಲಸ ಚಿಕ್ಕದು. ಈಗ ಕೊಡುವ ಅನುಭವ ಪತ್ರದಲ್ಲಿ ಹುದ್ದೆ ಮತ್ತು ಎರಡು ತಾರೀಕು ಬಿಟ್ಟರೆ ಏನೂ ಇರುವುದಿಲ್ಲ. ಗಿರಾಕಿಯ ಹೆಸರೆತ್ತದೆ, ಕೋಡು ತೋರಿಸದೆ, ಇವರು ಇಂಥ ವ್ಯವಸ್ಥೆಯ ಇಂಥ ಭಾಗವನ್ನು ಇಷ್ಟು ವರ್ಷ ನಡೆಸಿದರು ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿಕೊಡಲು ಯಾವ ರಹಸ್ಯವೂ ಅಡ್ಡಿಯಾಗದು. ಕೇಳುವವರೂ ಕೊನೆಯ ದಿನದವರೆಗೆ ಕಾಯಬಾರದು. ಮೇಲಧಿಕಾರಿ ಬದಲಾಗುವ ಮೊದಲೇ, ವರ್ಷದ ಮೌಲ್ಯಮಾಪನದ ಹೊತ್ತಿಗೆ, ಬರೆಯಿಸಿ ಇಟ್ಟುಕೊಳ್ಳಬೇಕು.