ಓಡಿಹೋದವನಿಗೂ ಒಂದು ಕಲ್ಲು

ಮೊನ್ನೆ ರಜೆಗೆ ಹೆತ್ತೂರಿಗೆ ಹೋಗಿದ್ದೆ. ಜಡಿಮಳೆ, ಕರೆಂಟಿಲ್ಲ, ಅಜ್ಜನ ಜೊತೆ ಹರಟೆ. ನಮ್ಮ ಹಾಸನದ ಕಡೆ ವೀರಗಲ್ಲುಗಳಿಗೇನು ಬರ... ದನ ಬಿಡಿಸಲು ಹೋಗಿ ಸತ್ತವನಿಗೆ, ಒಡೆಯನಿಗಾಗಿ ಕಾದಿ ಸತ್ತವನಿಗೆ. "ಓಡಿಹೋದವನಿಗೆ ಕಲ್ಲಿಲ್ವಾ ಅಜ್ಜ?" ಅಂದೆ. "ಹೇಡಿಗೆ ಯಾರು ಕಲ್ಲು ನೆಡ್ತಾರೋ?" ಅಂದರು.

ನೆಟ್ಟಿದ್ದಾರೆ! ಹಿಟ್ಲರನ ಸೈನ್ಯ ಬಿಟ್ಟು ಓಡಿದವರಿಗಾಗಿ ಕಲೋನ್‌ನಲ್ಲಿ 2009ರಲ್ಲಿ, ವಿಯೆನ್ನಾದಲ್ಲಿ 2014ರಲ್ಲಿ. ವಿಯೆನ್ನಾದ್ದಂತೂ ಅಧ್ಯಕ್ಷರ ಕಚೇರಿ ಇರುವ ಚೌಕದಲ್ಲೇ. ನಾಜಿ ಸೇನಾ ಕೋರ್ಟುಗಳು 30,000ದಷ್ಟು ಮರಣದಂಡನೆ ವಿಧಿಸಿದ್ದವು. ಲುಡ್ವಿಗ್ ಬೌಮನ್ ಎಂಬ ನಾವಿಕ 1942ರಲ್ಲಿ ಓಡಿ ಸಿಕ್ಕಿಬಿದ್ದ. ಮರಣದಂಡನೆ ತಪ್ಪಿತು, ಆದರೆ ಯುದ್ಧ ಮುಗಿದ ಮೇಲೂ 'ದ್ರೋಹಿ' ಅನ್ನೋ ಹೆಸರು ತಪ್ಪಲಿಲ್ಲ. ಓಡಿದವರ ಶಿಕ್ಷೆಗಳನ್ನು ಜರ್ಮನ್ ಸಂಸತ್ತು ರದ್ದು ಮಾಡಿದ್ದು 2002ರಲ್ಲಿ. ಅರವತ್ತು ವರ್ಷ!

"ಹಾಗಾದರೆ ನಿಂತು ಸತ್ತವರು ದಡ್ಡರಾ?" ಅಂತ ನೀವು ಕೇಳಬಹುದು. ಅಲ್ಲ. ಯಾರ ಪರವಾಗಿ ನಿಂತರು ಅನ್ನೋದೂ ಲೆಕ್ಕಕ್ಕೆ ಬರಬೇಕಲ್ಲ? ಬರೀ ಜೀವಭಯಕ್ಕೆ ಓಡಿದವರೂ ಇದ್ದಾರು. ಆದರೂ ಆ ಕೆಟ್ಟ ಯುದ್ಧಕ್ಕೆ ಒಂದು ಕೋವಿ ಕಮ್ಮಿಯಾಯಿತು.

ನಮ್ಮ ಬಲಂ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನೇ ನೋಡಿ. 1802ರಲ್ಲಿ ಗಲ್ಲಿಗೇರಿಸಿದ ಇಂಗ್ಲಿಷರಿಗೆ ಆತ ಬಂಡುಕೋರ. ನಮಗೂ ಹಾಗೇನಾ? ಕಡತ ಬರೆದವನ ಮಾತೇ ಕೊನೆಯಲ್ಲ.

ಆಫೀಸಿನಲ್ಲಿ ಮ್ಯಾನೇಜರಿಗೆ "ಆಗಲ್ಲ" ಅನ್ನೋಕೆ ನನಗೆ ನಾಲಿಗೆ ಏಳಲ್ಲ. ಗಲ್ಲು ಕಾದಿದೆ ಅಂತ ಗೊತ್ತಿದ್ದೂ ಒಲ್ಲೆ ಅಂದವನನ್ನು ಹೇಡಿ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಅಜ್ಜ ಇನ್ನೂ ಒಪ್ಪಿಲ್ಲ. ನೀವೇನಂತೀರಿ?