ಮೋಡದ ನಡುವೆ ವಿಮಾನಯಾನ

ಆಷಾಢದ ಮಳೆ ಹಿಡಿದ ದಿನ ಸಾಗರ ಸೊರಬಗಳ ನಡುವಣ ಉಳವಿಯಲ್ಲಿ ನಿಂತು ನೋಡಿದವರಿಗೆ ಮಲೆನಾಡಿನ ಆಕಾಶವೆಂತಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮೋಡವು ಅಡಕೆಯ ತೋಟದ ತಲೆಯ ಮೇಲೆಯೇ ಇಳಿದು ಕುಳಿತಿರುತ್ತದೆ. ಗದ್ದೆಯ ಆಚೆಯ ಅಂಚು ಕಾಣದು. ಅಂತಹ ದಿನ ಗಾಡಿ ಹೊಡೆಯುವವನು ಕೆಳಗಿಳಿದು, ಎತ್ತಿನ ಹಗ್ಗ ಹಿಡಿದು ಮೆಲ್ಲನೆ ನಡೆಯಬಲ್ಲನು, ಬೇಕೆನಿಸಿದರೆ ನಿಂತುಬಿಡಬಲ್ಲನು. ವಿಮಾನವನ್ನು ನಡೆಸುವವನಿಗೆ ಆ ಭಾಗ್ಯವಿಲ್ಲ. ಅವನು ನಿಂತರೆ ಬಿದ್ದನು.

2023ನೆಯ ಫೆಬ್ರವರಿ 27ರಂದು ಶಿವಮೊಗ್ಗೆಯ ಬಳಿಯ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲನೆಯ ಪ್ರಯಾಣಿಕ ವಿಮಾನ ಬಂದಿಳಿಯಿತು. 3,200 ಮೀಟರು ಉದ್ದದ ಓಡುದಾರಿ ನಮ್ಮ ಜಿಲ್ಲೆಗೆ ದೊರೆತುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಓಡುದಾರಿ ಎಷ್ಟು ಉದ್ದವಾಗಿದ್ದರೇನು, ಮೋಡದೊಳಗಿರುವವನಿಗೆ ಅದು ಕಾಣಬೇಕಲ್ಲವೆ? ದೊಡ್ಡ ವಿಮಾನಗಳಿಗೆ ಇಬ್ಬರು ಚಾಲಕರೂ ನಾನಾ ಉಪಕರಣಗಳೂ ಇರುತ್ತವೆ. ಮಂತ್ರಿಗಳೂ ಉದ್ಯಮಿಗಳೂ ಏರುವ ಸಣ್ಣ ವಿಮಾನಗಳ ಮತ್ತು ವಿದ್ಯಾರ್ಥಿಗಳು ಹಾರಿಸುವ ಹಗುರ ವಿಮಾನಗಳ ಕ್ಷೇಮವನ್ನು ಕುರಿತೇ ಇಂದು ನಾವು ಎರಡು ಮಾತು ಹೇಳಬೇಕಾಗಿದೆ.

ಮೋಡದೊಳಗೆ ಮನುಷ್ಯನ ದೇಹವೇ ಅವನಿಗೆ ಸುಳ್ಳು ಹೇಳುತ್ತದೆ. ಕಿವಿಯೊಳಗಿನ ನಾಳಗಳಲ್ಲಿರುವ ದ್ರವವು ನಮ್ಮ ಚಲನೆಯನ್ನು ತಿಳಿಸತಕ್ಕದ್ದು. ವಿಮಾನವು ಒಂದೇ ಸಮನೆ ತಿರುಗುತ್ತಿದ್ದರೆ ಆ ದ್ರವವೂ ಜೊತೆಯಲ್ಲಿಯೇ ತಿರುಗತೊಡಗಿ, ನೆಟ್ಟಗೆ ಸಾಗುತ್ತಿರುವೆವೆಂಬ ಭ್ರಮೆ ಹುಟ್ಟುತ್ತದೆ. ಚಾಲಕನು ಓರೆಯನ್ನು ಸರಿಪಡಿಸಿದೊಡನೆ ಎದುರು ದಿಕ್ಕಿಗೆ ತಿರುಗಿದಂತೆ ತೋರುತ್ತದೆ. ಅದನ್ನು ನಂಬಿ ಅವನು ಮತ್ತೆ ಹಳೆಯ ತಿರುವಿಗೇ ಬೀಳುತ್ತಾನೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ಶಿಕ್ಷಣವಿಲ್ಲದ 20 ಮಂದಿ ಚಾಲಕರನ್ನು ಪರೀಕ್ಷಿಸಿದರು. ಹೊರಗಿನ ನೋಟ ತಪ್ಪಿದೊಡನೆ ಇಪ್ಪತ್ತು ಮಂದಿಯೂ ವಿಮಾನದ ಹತೋಟಿಯನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು. ಮೂರು ನಿಮಿಷವೂ ಇಲ್ಲ.

ಇದಕ್ಕೆ ಮದ್ದು ಬಹುಕಾಲದ ಹಿಂದೆಯೇ ದೊರೆತಿದೆ. 1929ರ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟ್ಲ್ ಎಂಬ ವೈಮಾನಿಕನು ಹೊರಗಣ್ಣನ್ನು ಪೂರ್ತಿ ಮುಚ್ಚಿಕೊಂಡು, ಕೃತಕ ದಿಗಂತ, ದಿಕ್ಕುಮಾಪಕ, ಎತ್ತರಮಾಪಕ, ರೇಡಿಯೋ ಇವುಗಳನ್ನೇ ನಂಬಿ ವಿಮಾನವನ್ನು ಏರಿಸಿ ಇಳಿಸಿ ತೋರಿಸಿದನು. ಆದರೆ ಉಪಕರಣಗಳನ್ನು ನಂಬುವುದೆಂದರೆ ಒಂದೇ ಮುಳ್ಳನ್ನು ದಿಟ್ಟಿಸುತ್ತ ಕುಳಿತಿರುವುದಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ನಮ್ಮ ಹಿರಿಯರ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ವೇಗ ತಿಳಿಸುವ ಕೊಳವೆಯಲ್ಲಿ ಕಣಜವು ಮಣ್ಣಿನ ಗೂಡು ಕಟ್ಟಿದರೆ ವೇಗಮಾಪಕ ಸುಳ್ಳಾಡುತ್ತದೆ. ಗಾಳಿಯ ಒತ್ತಡ 10 ಮಿಲಿಬಾರು ಇಳಿದುದನ್ನು ಎತ್ತರಮಾಪಕಕ್ಕೆ ತಿಳಿಸದಿದ್ದರೆ, ಅದು ಇರುವುದಕ್ಕಿಂತ ಸುಮಾರು 300 ಅಡಿ ಹೆಚ್ಚಿನ ಎತ್ತರ ತೋರಿಸುತ್ತದೆ. ಘಟ್ಟದ ಸೀಮೆಯಲ್ಲಿ 300 ಅಡಿ ಎಂದರೆ ಒಂದು ಗುಡ್ಡದ ನೆತ್ತಿ. ಒಂದು ಮಾಪಕದ ಮಾತಿಗೆ ಇನ್ನೊಂದರ ಸಾಕ್ಷ್ಯ ಕೇಳುವ ಅಭ್ಯಾಸ ಪುಸ್ತಕದಿಂದ ಬಾರದು, ಒಮ್ಮೆ ಬಂದರೂ ಬಳಕೆಯಿಲ್ಲದೆ ಉಳಿಯದು. ಗುಡುಗುಮೋಡದ ಒಳಹೊಗಲು ಯಾವ ಉಪಕರಣವೂ ರಹದಾರಿ ಕೊಡುವುದಿಲ್ಲವೆಂಬುದೂ ನೆನಪಿನಲ್ಲಿರಬೇಕು.

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ಹೊತ್ತು ತಂದಾಗ, ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟರು ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆ ಪುಟ್ಟ ವಿಮಾನದಲ್ಲಿ ರೇಡಿಯೋ ಸಹ ಇರಲಿಲ್ಲ. ಇಂದು ಆ ಬಡತನ ನಮಗಿಲ್ಲ. ಇಸ್ರೋ ಸಂಸ್ಥೆಯೂ ವಿಮಾನನಿಲ್ದಾಣ ಪ್ರಾಧಿಕಾರವೂ ಕೂಡಿ ಕಟ್ಟಿದ ‘ಗಗನ್’ ವ್ಯವಸ್ಥೆ ಉಪಗ್ರಹಗಳ ಮೂಲಕ ಇಳಿಯುವ ದಾರಿಯನ್ನು ತೋರಬಲ್ಲದು. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನಗಢದಲ್ಲಿ ಪ್ರಯಾಣಿಕರ ಸೇವೆಯ ವಿಮಾನವೊಂದನ್ನು ಈ ಕ್ರಮದಿಂದ ಇಳಿಸಿ ನೋಡಿದ್ದಾಯಿತು. ಓಡುದಾರಿಯ ಬದಿಯಲ್ಲಿ ದುಬಾರಿ ಯಂತ್ರಗಳನ್ನು ನೆಡದೆ, ದಾರಿಯನ್ನು ಅಳೆದು ಗೊತ್ತುಪಡಿಸಿದರೆ, ತಕ್ಕ ಗ್ರಾಹಕಯಂತ್ರವುಳ್ಳ ಹಗುರ ವಿಮಾನಕ್ಕೂ ಇದು ಒದಗುತ್ತದೆ. ಸ್ವದೇಶದ ಬುದ್ಧಿಯಿಂದ ಮೂಡಿದ ಈ ಸಾಧನ ಮಲೆನಾಡಿನ ಮತ್ತು ಕರಾವಳಿಯ ಪ್ರತಿಯೊಂದು ನಿಲ್ದಾಣಕ್ಕೂ ದೊರೆಯುವಂತೆ ಸರ್ಕಾರದವರು ಮಾಡಬೇಕು. ಜಕ್ಕೂರಿನ ಶಾಲೆಯಂತಹ ಶಿಕ್ಷಣಕೇಂದ್ರಗಳಲ್ಲಿ, ಕಣ್ಣಿಗೆ ಮರೆ ಕಟ್ಟಿ ಕಲಿಸುವುದರೊಡನೆ, ಗುರುವಿನ ಪಕ್ಕದಲ್ಲಿ ಕೂಡಿಸಿ ನಿಜವಾದ ಮೋಡದಲ್ಲಿಯೂ ಕಲಿಸಬೇಕು.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ, ಅದು ಯಂತ್ರದ್ದಲ್ಲ. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಅವರಿದ್ದ ಸಣ್ಣ ವಿಮಾನ ಕೆಟ್ಟ ಹವೆಯಲ್ಲಿ ಮೈನ್‌ಪುರಿಯ ಬಳಿ ಬಿದ್ದು ಎಂಟು ಮಂದಿ ಅಳಿದರು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರು ಮಳೆಮೋಡಗಳ ನಡುವೆ ನಲ್ಲಮಲೆಯ ಕಾಡಿನಲ್ಲಿ ಬಿದ್ದು ಐವರು ತೀರಿಕೊಂಡರು. ಆ ದಿನ ಯಾರಾದರೂ ಚಾಲಕರನ್ನು ಅವಸರಪಡಿಸಿದರೆಂದು ನಾವು ಹೇಳುತ್ತಿಲ್ಲ. ಆದರೆ ಸಭೆಯ ಹೊತ್ತು ಮೀರುತ್ತಿದೆ, ಜನ ಕಾದಿದ್ದಾರೆ ಎಂಬ ಮಾತು ಸಂಬಳದ ಚಾಲಕನ ಕಿವಿಗೆ ಆಜ್ಞೆಯಾಗಿ ಕೇಳಿಸುತ್ತದೆಂಬುದನ್ನು ಅರಿಯದವರಾರು?

ಆದುದರಿಂದ ಅಧಿಕಾರಸ್ಥರಲ್ಲಿ ನಮ್ಮ ಅರಿಕೆ ಇಷ್ಟೇ. ಪ್ರವಾಸದ ಕಾರ್ಯಕ್ರಮ ಬರೆಯುವಾಗಲೇ ರೈಲಿನ ಅಥವಾ ರಸ್ತೆಯ ಬದಲು ದಾರಿಯನ್ನೂ ಬರೆದಿಡಿರಿ. ‘ಇಂದು ಹಾರಲಾಗದು’ ಎಂದು ಚಾಲಕನು ಹೇಳಿದರೆ ಕಾರಣ ಕೇಳಿ ಕಾಡದಿರಿ. ಅರ್ಧ ದಾರಿಯಿಂದ ಹಿಂದಿರುಗಿದರೆ ಅವನನ್ನು ಗೌರವಿಸಿರಿ. ವಿಮಾನ ಇಳಿಯದೆ ಮರಳಿತೆಂದು ಗೊಣಗುವ ಪ್ರಯಾಣಿಕರಿಗೂ ಈ ಮಾತು ಸಲ್ಲುತ್ತದೆ. ಸೊರಬ ಶಿಕಾರಿಪುರಗಳ ರೈತನು ಮಳೆಗೆ ಕಾಯುವುದನ್ನು ಬಲ್ಲನು. ಮಳೆ ನಿಲ್ಲುವವರೆಗೆ ಕಾಯುವುದನ್ನು ಅವನ ಪ್ರತಿನಿಧಿಗಳೂ ಕಲಿಯಲಿ. ತಡವಾಗಿ ಬಂದವರಿಗೆ ಜನ ಮುನಿಯಬಹುದು. ಬಾರದೆಯೇ ಹೋದವರಿಗಾಗಿ ನಾಡೇ ಅಳಬೇಕಾಗುತ್ತದೆ.